ವಿಯೆನ್ನಾ ಮರೆತ ರುಚಿ

ಒಳಗೆ ಪೊಳ್ಳಾಗಿರುವ ಒಂದು ಊರುಗೋಲು. ಅದರ ತುದಿಯಲ್ಲೊಂದು ಪುಟ್ಟ ಕವಾಟ. 1833ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳ ಬಿಯರ್ ಕಾರ್ಖಾನೆಗಳನ್ನು ನೋಡಲು ಬಂದಿದ್ದ ಇಬ್ಬರು ಯುವಕರ ಕೈಯಲ್ಲಿ ಇಂಥದ್ದೊಂದು ಕೋಲಿತ್ತು. ಒಬ್ಬ ವಿಯೆನ್ನಾ ನಗರದ ಪಕ್ಕದ ಶ್ವೆಖಾಟ್ ಊರಿನ ಆಂಟನ್ ಡ್ರೆಹರ್. ಮತ್ತೊಬ್ಬ ಮ್ಯೂನಿಕ್‌ನ ಗೇಬ್ರಿಯಲ್ ಸೆಡ್ಲ್‌ಮಾಯರ್. ಇಬ್ಬರೂ ಬಿಯರ್ ತಯಾರಕರ ಮನೆತನದವರು. ಒಬ್ಬನಿಗೆ ಇಪ್ಪತ್ತಮೂರು ವರ್ಷ, ಇನ್ನೊಬ್ಬನಿಗೆ ಇಪ್ಪತ್ತೆರಡು.

ಕಾರ್ಖಾನೆ ತೋರಿಸುತ್ತಿದ್ದವರು ಅತ್ತ ತಿರುಗಿದಾಗ ಕೋಲನ್ನು ತೊಟ್ಟಿಯೊಳಗೆ ಅದ್ದಿ ಎತ್ತಿಕೊಳ್ಳುವುದು, ಹುದುಗುತ್ತಿರುವ ರಸವನ್ನು ಹೋಟೆಲಿನ ಕೋಣೆಗೆ ಒಯ್ಯುವುದು, ಅಲ್ಲಿ ಅದರ ಸಕ್ಕರೆಯ ಅಂಶವನ್ನು ಅಳೆದು ಬರೆದಿಟ್ಟುಕೊಳ್ಳುವುದು ಇವರ ದಿನಚರಿಯಾಯಿತು. ಯಾರಿಂದಲೂ ಏಟು ತಿನ್ನದೆ ಪಾರಾಗುತ್ತಿರುವುದು ತಮಗೇ ಆಶ್ಚರ್ಯ ಎಂಬರ್ಥದಲ್ಲಿ ಸೆಡ್ಲ್‌ಮಾಯರ್ ಊರಿಗೆ ಪತ್ರ ಬರೆದದ್ದುಂಟು. ಬಿಯರ್ ಚರಿತ್ರೆಯಲ್ಲಿ ಇಷ್ಟು ಫಲ ಕೊಟ್ಟ ಕಳ್ಳತನ ಇನ್ನೊಂದಿರಲಾರದು.

ಆ ಪ್ರವಾಸದ ಎಂಟು ವರ್ಷಗಳ ನಂತರ, 1841ರಲ್ಲಿ, ಡ್ರೆಹರ್ ಶ್ವೆಖಾಟ್‌ನಲ್ಲಿ ಹೊಸದೊಂದು ಬಿಯರ್ ಹೊರತಂದ. ಅದು ಆವರೆಗಿನ ಬವೇರಿಯಾದ ಬಿಯರಿನಂತೆ ಕಡುಕಂದು ಅಲ್ಲ. ಮುಂದೆ ಬಂದ ಬಿಯರುಗಳಂತೆ ಹುಲ್ಲಿನ ಹಳದಿಯೂ ಅಲ್ಲ. ಬೆಳಕಿಗೆ ಹಿಡಿದರೆ ಉಜ್ಜಿ ತೊಳೆದ ತಾಮ್ರದ ಚೊಂಬಿನ ಹೊಳಪು. ಲೋಕ ಅದನ್ನು 'ವಿಯೆನ್ನಾ ಲಾಗರ್' ಎಂದು ಕರೆಯಿತು. ಇಂದು ಸಣ್ಣ ಪ್ರಮಾಣದಲ್ಲಿ, ಕುಶಲ ಕೈಗಳಿಂದ ಬಿಯರ್ ತಯಾರಿಸುವವರು 'ಆಂಬರ್ ಲಾಗರ್' ಎಂಬ ಹೆಸರಿನಲ್ಲಿ ಮಾರುವ ಬಿಯರುಗಳಲ್ಲಿ ಹೆಚ್ಚಿನವು ಇದರ ಸಂತತಿಯೇ. ಆಂಬರ್ ಎಂದರೆ ಸಾವಿರಾರು ಶತಮಾನ ನೆಲದಡಿ ಹುದುಗಿ ಕಲ್ಲಾದ ಮರದ ಅಂಟು. ಅದರ ಕೆಂಪು ಬೆರೆತ ಜೇನುಬಣ್ಣವೇ ಈ ಹೆಸರಿಗೆ ಮೂಲ.

ವಿಚಿತ್ರವೆಂದರೆ, ಇದನ್ನು ಹೆತ್ತ ಊರೇ ಇದನ್ನು ಮರೆತುಬಿಟ್ಟಿತು. ಹೆಸರು ಉಳಿಯಿತು, ರುಚಿ ಹೋಯಿತು. ಅದು ಮರಳಿ ಬಂದದ್ದು ಅಟ್ಲಾಂಟಿಕ್ ಸಾಗರದ ಆಚೆಯಿಂದ, ಅದನ್ನು ಗುರುತಿಸಬಲ್ಲ ಕೆಲವೇ ನಾಲಿಗೆಗಳ ಕೃಪೆಯಿಂದ. ಒಂದು ಲೋಟ ಬಿಯರನ್ನು 'ಸವಿಯುವುದು' ಎಂದರೆ ಸಿರಿವಂತರ ಶೋಕಿ ಎಂದು ಭಾವಿಸುವವರು ಬಹಳ. ಆದರೆ ಗುರುತಿಸುವವರು ಇಲ್ಲವಾದರೆ ರುಚಿಯೊಂದು ಹೇಗೆ ಸದ್ದಿಲ್ಲದೆ ಸಾಯುತ್ತದೆ ಎಂಬುದಕ್ಕೆ ಈ ತಾಮ್ರವರ್ಣದ ಬಿಯರ್ ಒಳ್ಳೆಯ ದೃಷ್ಟಾಂತ.

ಮೊಳಕೆ ಮತ್ತು ಬೆಂಕಿ

ಈ ಬಿಯರಿನ ಗುಟ್ಟು ಅದರ ಮಾಲ್ಟಿನಲ್ಲಿದೆ. ಮಾಲ್ಟ್ ಎಂದರೆ ಏನೆಂದು ಕನ್ನಡಿಗರಿಗೆ ವಿವರಿಸುವುದು ಸುಲಭ. ರಾಗಿಯನ್ನು ನೆನೆಹಾಕಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು ಬೀಸಿ, ಮಗುವಿಗೆ ಗಂಜಿ ಕಾಸುವ ಪದ್ಧತಿ ನಮ್ಮ ಮನೆಗಳಲ್ಲಿದೆ. ಬಿಯರ್ ತಯಾರಕ ಬಾರ್ಲಿಗೆ ಮಾಡುವುದೂ ಇದನ್ನೇ. ಕಾಳು ಮೊಳೆಯಲು ತೊಡಗಿದಾಗ ಅದರೊಳಗೆ ಕಿಣ್ವಗಳು ಎಚ್ಚರಗೊಳ್ಳುತ್ತವೆ. ಈ ಕಿಣ್ವಗಳೇ ಮುಂದೆ ಬಿಸಿನೀರಿನಲ್ಲಿ ಹಿಟ್ಟಿನಂಶವನ್ನು ಸಕ್ಕರೆಯಾಗಿ ಒಡೆಯುತ್ತವೆ. ಆ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವನ್ನೂ ಗುಳ್ಳೆಗಳನ್ನೂ ಕೊಡುತ್ತದೆ.

ಮೊಳಕೆಯನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಶಾಖದಲ್ಲಿ ಒಣಗಿಸಬೇಕು ಎಂಬುದೇ ಇಲ್ಲಿನ ವಿದ್ಯೆ. ಸುಮಾರು 80ರಿಂದ 85 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿದರೆ ತಿಳಿಬಣ್ಣದ ಮಾಲ್ಟ್ ಸಿಗುತ್ತದೆ. ನೂರು ಡಿಗ್ರಿ ದಾಟಿಸಿದರೆ ಮ್ಯೂನಿಕ್‌ನ ಕಂದು ಮಾಲ್ಟ್. ಇವೆರಡರ ನಡುವೆ, ಸುಮಾರು 90ರಿಂದ 95 ಡಿಗ್ರಿಯ ಆಸುಪಾಸಿನಲ್ಲಿದೆ ವಿಯೆನ್ನಾ ಮಾಲ್ಟ್. ಅಂತರ ಎಂದರೆ ಹತ್ತೇ ಡಿಗ್ರಿ! ಆದರೆ ಒಲೆಯ ಮುಂದೆ ನಿಂತವರಿಗೆ ಗೊತ್ತು: ರೊಟ್ಟಿಯ ಮೇಲೆ ಹೊಂಬಣ್ಣದ ಚುಕ್ಕೆ ಮೂಡುವುದಕ್ಕೂ ಅದು ಸೀಯುವುದಕ್ಕೂ ನಡುವೆ ಇರುವುದು ಕೆಲವೇ ಕ್ಷಣ.

ಈ ಹೊಂಬಣ್ಣಕ್ಕೂ ಅದರ ಘಮಕ್ಕೂ ಕಾರಣವಾದ ರಾಸಾಯನಿಕ ಕ್ರಿಯೆಯನ್ನು 1912ರಲ್ಲಿ ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ ವಿವರಿಸಿದ. ಸಕ್ಕರೆ ಮತ್ತು ಪ್ರೋಟೀನಿನ ತುಣುಕುಗಳು ಶಾಖದಲ್ಲಿ ಕೂಡಿಕೊಂಡು ನೂರಾರು ಹೊಸ ವಸ್ತುಗಳನ್ನು ಹುಟ್ಟಿಸುತ್ತವೆ. ದೋಸೆಯ ಅಂಚು, ಹುರಿದ ಕಾಫಿ ಬೀಜ, ಬ್ರೆಡ್ಡಿನ ಮೇಲ್ಪದರ ಎಲ್ಲದರಲ್ಲೂ ನಡೆಯುವುದು ಅದೇ. ಆಂಬರ್ ಲಾಗರಿನ ಬಣ್ಣವೂ ಹೀಗೆ ಬೆಂಕಿಯಿಂದ ಬಂದದ್ದು.

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮಧ್ಯ ಯುರೋಪಿನ ಮಾಲ್ಟು ಬಹುಪಾಲು ಕಟ್ಟಿಗೆಯ ಬೆಂಕಿಯ ಮೇಲೆ ಒಣಗುತ್ತಿತ್ತು. ಶಾಖ ಏರುಪೇರು, ಕಾಳಿಗೆ ಹೊಗೆಯ ವಾಸನೆ. ಬ್ರಿಟಿಷರು ಹೊಗೆ ತಾಗದಂತೆ ಒಣಗಿಸುವ ಗೂಡುಗಳನ್ನು ಕಟ್ಟಿಕೊಂಡಿದ್ದರು. ಸಕ್ಕರೆಯನ್ನು ಅಳೆಯುವ ಉಪಕರಣವನ್ನೂ ತಾಪಮಾಪಕವನ್ನೂ ದಿನನಿತ್ಯ ಬಳಸುತ್ತಿದ್ದರು. ಡ್ರೆಹರ್ ಮತ್ತು ಸೆಡ್ಲ್‌ಮಾಯರ್ ಕದ್ದದ್ದು ಮುಖ್ಯವಾಗಿ ಇದನ್ನು: ಶಾಖವನ್ನು ಆಳುವ ವಿದ್ಯೆಯನ್ನು, ಅಳತೆಯ ಶಿಸ್ತನ್ನು.

ಕಾಯುವುದೇ ಕಸುಬು

ಆದರೆ ಬ್ರಿಟಿಷರ ಬಳಿ ಇಲ್ಲದ ಒಂದು ಸಂಪತ್ತು ಇವರ ಊರುಗಳಲ್ಲಿತ್ತು. ಅದು ತಂಪಿನಲ್ಲಿ ಕೆಲಸ ಮಾಡುವ ಯೀಸ್ಟ್.

ಬ್ರಿಟಿಷರ ಏಲ್ ಬಿಯರಿನ ಯೀಸ್ಟ್ ಬೆಚ್ಚಗಿನ ಹವೆಯಲ್ಲಿ ಚುರುಕಾಗಿ ಹುದುಗಿ ನೊರೆಯೊಂದಿಗೆ ಮೇಲೇಳುತ್ತದೆ; ಹಣ್ಣಿನ ಘಮವನ್ನೂ ಬಿಡುತ್ತದೆ. ಬವೇರಿಯಾದ ಯೀಸ್ಟ್ ಸುಮಾರು 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಹುದುಗಿ ತಳಕ್ಕಿಳಿಯುತ್ತದೆ. ಬಳಿಕ ಆ ಬಿಯರನ್ನು ಇನ್ನೂ ತಣ್ಣಗಿನ ನೆಲಮಾಳಿಗೆಯಲ್ಲಿ ವಾರಗಟ್ಟಲೆ, ತಿಂಗಳುಗಟ್ಟಲೆ ಇಡಬೇಕು. ಜರ್ಮನ್ ಭಾಷೆಯಲ್ಲಿ 'ಲಾಗರ್ನ್' ಎಂದರೆ ದಾಸ್ತಾನಿಡುವುದು. ಬಿಯರಿಗೆ ಲಾಗರ್ ಎಂಬ ಹೆಸರು ಬಂದದ್ದು ಹೀಗೆ. ಆ ಅವಧಿಯಲ್ಲಿ ಒರಟು ವಾಸನೆಗಳು ಕರಗಿ, ಗಸಿ ತಳಕ್ಕೆ ಕೂತು, ಬಿಯರ್ ತಿಳಿಯಾಗುತ್ತದೆ.

ಬವೇರಿಯಾದಲ್ಲಿ 1553ರ ಆಜ್ಞೆಯೊಂದು ಬೇಸಿಗೆಯಲ್ಲಿ ಬಿಯರ್ ತಯಾರಿಸುವುದನ್ನೇ ನಿಷೇಧಿಸಿತ್ತು. ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಅವಕಾಶ. ಸೆಕೆಯಲ್ಲಿ ಮಾಡಿದ ಬಿಯರ್ ಕೆಡುತ್ತಿತ್ತೆಂಬುದೇ ಕಾರಣ. ಚಳಿಯ ಕೊನೆಯಲ್ಲಿ, ಮಾರ್ಚ್ ತಿಂಗಳಲ್ಲಿ ತುಸು ಗಟ್ಟಿಯಾಗಿ ತಯಾರಿಸಿ ಬೇಸಿಗೆಗೆಂದು ಕೂಡಿಡುತ್ತಿದ್ದ ಬಿಯರಿಗೆ 'ಮೆರ್ಟ್ಸೆನ್' ಎಂದೇ ಹೆಸರಾಯಿತು. ತಂಪು ಕಾಲದಲ್ಲಷ್ಟೇ ದುಡಿಯಬೇಕೆಂಬ ಈ ಕಟ್ಟಳೆ ತಂಪಿಗೆ ಒಗ್ಗುವ ಯೀಸ್ಟಿಗೆ ಅನುಕೂಲ ಮಾಡಿಕೊಟ್ಟಿತು.

ಆ ಯೀಸ್ಟಿನ ವಂಶಾವಳಿ ಪತ್ತೆಯಾದದ್ದು ತೀರಾ ಈಚೆಗೆ. ಅದು ಎರಡು ಜಾತಿಗಳ ಸಂಕರ ಎಂಬುದು ಗೊತ್ತಿತ್ತು. ಒಂದು ಸಾಮಾನ್ಯ ಏಲ್ ಯೀಸ್ಟ್. ಚಳಿಗೆ ಒಗ್ಗಿಕೊಂಡ ಇನ್ನೊಂದು ಜಾತಿ 2011ರಲ್ಲಿ ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡಿನ ಮರಗಳ ಗಂಟುಗಳಲ್ಲಿ ಸಿಕ್ಕಿತು. ಮುಂದೆ ಟಿಬೆಟ್ ಪ್ರದೇಶದಲ್ಲೂ ಐರ್ಲೆಂಡಿನಲ್ಲೂ ಅದು ಕಾಣಿಸಿಕೊಂಡಿತು.

ಯೀಸ್ಟನ್ನು ಆಗಿನವರು ಹೆಪ್ಪಿನಂತೆ ಊರಿಂದೂರಿಗೆ ಒಯ್ಯುತ್ತಿದ್ದರು. ಡೆನ್ಮಾರ್ಕಿನ ಯಾಕೋಬ್ಸೆನ್ 1845ರಲ್ಲಿ ಸೆಡ್ಲ್‌ಮಾಯರನ ಬಳಿ ಯೀಸ್ಟ್ ಪಡೆದು, ಕುದುರೆಗಾಡಿ ನಿಂತಲ್ಲೆಲ್ಲ ಪಾತ್ರೆಗೆ ತಣ್ಣೀರು ಸುರಿಯುತ್ತಾ ಕೋಪನ್‌ಹೇಗನ್‌ಗೆ ತಲುಪಿಸಿದ. ಎರಡು ವರ್ಷಗಳ ನಂತರ ಆತ ಹುಟ್ಟುಹಾಕಿದ್ದೇ ಕಾರ್ಲ್ಸ್‌ಬರ್ಗ್ ಕಾರ್ಖಾನೆ.

ಬ್ರಿಟನ್ನಿನ ಗೂಡು, ಬವೇರಿಯಾದ ಯೀಸ್ಟ್, ಆಸ್ಟ್ರಿಯಾದ ಬಾರ್ಲಿ - ಈ ಮೂರರ ಕೂಡಿಕೆಯೇ ಡ್ರೆಹರನ ಬಿಯರ್. ವಿಯೆನ್ನಾ ಪ್ರದೇಶದ ಗಡಸು ನೀರು ಕೂಡ ಇದಕ್ಕೆ ಒದಗಿಬಂತು. ಅಂಥ ನೀರಿನಲ್ಲಿ ತೀರಾ ತಿಳಿಬಣ್ಣದ ಬಿಯರ್ ಮಾಡಿದರೆ ಕಹಿ ಒರಟಾಗುತ್ತದೆ. ತುಸು ಹುರಿದ ಮಾಲ್ಟಿನಲ್ಲಿರುವ ಆಮ್ಲ ಆ ಗಡಸುತನವನ್ನು ಸರಿದೂಗಿಸುತ್ತದೆ.

ಏರಿಕೆ, ಇಳಿಕೆ

ಡ್ರೆಹರನಿಗೆ ಸಿಕ್ಕ ಕಾಲಾವಕಾಶ ಕಡಿಮೆ. ಮರುವರ್ಷವೇ, 1842ರ ಅಕ್ಟೋಬರ್ 5ರಂದು, ಬೊಹೀಮಿಯಾದ ಪಿಲ್ಸೆನ್ ಊರಿನಲ್ಲಿ ಜೋಸೆಫ್ ಗ್ರೋಲ್ ಎಂಬ ಬವೇರಿಯಾದ ಬಿಯರ್ ತಯಾರಕ ಇನ್ನೂ ತಿಳಿಯಾದ, ಚಿನ್ನದ ಬಣ್ಣದ ಲಾಗರನ್ನು ಮಾಡಿದ. ಪಿಲ್ಸೆನ್ನಿನ ನೀರು ಬಹಳ ಮೃದು. ಗಾಜಿನ ಲೋಟಗಳು ಜನಸಾಮಾನ್ಯರ ಕೈಗೆ ಬರತೊಡಗಿದ್ದ ಕಾಲ ಅದು. ಮಣ್ಣಿನ ಮಗ್ಗಿನಲ್ಲಿ ಕಾಣದಿದ್ದ ಬಣ್ಣ ಗಾಜಿನಲ್ಲಿ ಕಂಡಿತು. ಜನ ಹೊಳೆಯುವ ಚಿನ್ನಕ್ಕೆ ಮನಸೋತರು.

ಹಾಗೆಂದು ವಿಯೆನ್ನಾದ ಬಿಯರ್ ಆಗಲೇ ಸೋಲಲಿಲ್ಲ. ಡ್ರೆಹರ್ ಬೊಹೀಮಿಯಾ ಮತ್ತು ಬುಡಾಪೆಸ್ಟ್‌ಗಳಲ್ಲೂ ಕಾರ್ಖಾನೆಗಳನ್ನು ಕೊಂಡ. 1863ರಲ್ಲಿ ಆತ ತೀರಿಕೊಂಡ ಮೇಲೂ ಸಂಸ್ಥೆ ಬೆಳೆಯಿತು. 1867ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ವಿಯೆನ್ನಾದ ಬಿಯರಿಗೆ ಜನ ಮುಗಿಬಿದ್ದರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ರೂಪಿಸಿದ ಶೈತ್ಯಯಂತ್ರವನ್ನು ಮೊದಲು ಬಳಸಿದವರಲ್ಲಿ ಮ್ಯೂನಿಕ್‌ನ ಸೆಡ್ಲ್‌ಮಾಯರ್ ಒಬ್ಬನಾದರೆ, ಟ್ರಿಯೆಸ್ಟ್‌ನ ಡ್ರೆಹರ್ ಕಾರ್ಖಾನೆ ಇನ್ನೊಂದು.

ಹಳೆಯ ಗೆಳೆತನದ ಇನ್ನೊಂದು ಫಲ ಮ್ಯೂನಿಕ್‌ನಲ್ಲಿ ಕಾಣಿಸಿಕೊಂಡಿತು. 1872ರ ಬೇಸಿಗೆಯ ಸೆಕೆಗೆ ಅಲ್ಲಿನ ಅಕ್ಟೋಬರ್‌ಫೆಸ್ಟ್ ಜಾತ್ರೆಯ ಡೇರೆಯೊಂದರಲ್ಲಿ ಬಿಯರ್ ಸಾಲದಾಯಿತು. ಆಗ ಗೇಬ್ರಿಯಲ್‌ನ ಸಹೋದರ ಜೋಸೆಫ್ ಸೆಡ್ಲ್‌ಮಾಯರ್ ವಿಯೆನ್ನಾ ಕ್ರಮದಲ್ಲಿ ತಯಾರಿಸಿಟ್ಟಿದ್ದ ಮೆರ್ಟ್ಸೆನ್ ಬಿಯರನ್ನು ಬಡಿಸಲಾಯಿತು. ಬೆಲೆ ಹೆಚ್ಚಾದರೂ ಜನ ಮೆಚ್ಚಿದರು. ದೀರ್ಘಕಾಲ ಆ ಜಾತ್ರೆಯ ಬಿಯರ್ ತಾಮ್ರವರ್ಣದ್ದೇ ಆಗಿತ್ತು. ಇಂದು ಅಲ್ಲಿ ಹರಿಯುವುದು ಬಹುತೇಕ ಹೊಂಬಣ್ಣದ ಬಿಯರ್.

ಪಿಲ್ಸೆನ್ನಿನ ಮಾದರಿ ವರ್ಷದಿಂದ ವರ್ಷಕ್ಕೆ ಮಾರುಕಟ್ಟೆಯನ್ನು ಆಕ್ರಮಿಸಿತು. 1914ರಿಂದ 1918ರ ಮಹಾಯುದ್ಧ, ಅದರ ಹಿಂದೆಯೇ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದ ಪತನ. ಡ್ರೆಹರ್ ಮನೆತನದ ಕಾರ್ಖಾನೆಗಳಿದ್ದ ಊರುಗಳು ಬೇರೆ ಬೇರೆ ದೇಶಗಳ ಪಾಲಾದವು. ವಿಯೆನ್ನಾದವರು ಹಳದಿ ಬಿಯರನ್ನೇ ತಮ್ಮದೆಂದು ಕುಡಿಯತೊಡಗಿದರು. ಯಾರೂ ಈ ರುಚಿಯನ್ನು ನಿಷೇಧಿಸಲಿಲ್ಲ. ಯಾರೂ ಪ್ರತಿಭಟಿಸಲೂ ಇಲ್ಲ. ಒಂದು ತಲೆಮಾರು ಕೇಳುವುದನ್ನು ಬಿಟ್ಟಿತು, ಮುಂದಿನ ತಲೆಮಾರಿಗೆ ಕೇಳಲು ಏನಿದೆ ಎಂಬುದೇ ತಿಳಿಯಲಿಲ್ಲ.

ಮೆಕ್ಸಿಕೋದ ಆಸರೆ

ಆ ಹೊತ್ತಿಗೆ ರುಚಿ ದೇಶಾಂತರ ಹೋಗಿತ್ತು. ಮೆಕ್ಸಿಕೋದಲ್ಲಿ ವಿಯೆನ್ನಾ ಬಗೆಯ ಬಿಯರ್ ಬೇರೂರಿದ್ದಕ್ಕೆ ಒಂದು ಜನಪ್ರಿಯ ಕಥೆಯಿದೆ. ಆಸ್ಟ್ರಿಯಾದ ರಾಜಮನೆತನದ ಮ್ಯಾಕ್ಸಿಮಿಲಿಯನ್ 1864ರಲ್ಲಿ ಮೆಕ್ಸಿಕೋದ ಸಾಮ್ರಾಟನಾಗಿ ಬಂದಾಗ ತನ್ನೂರಿನ ಬಿಯರ್ ತಯಾರಕರನ್ನೂ ಕರೆತಂದನೆಂಬುದು ಕಥೆ. ಕೇಳಲು ಚೆನ್ನಾಗಿದೆ. ಆದರೆ ಆತ ಆಳಿದ್ದು ಮೂರೇ ವರ್ಷ. 1867ರ ಜೂನ್ 19ರಂದು ಗುಂಡಿಗೆ ಬಲಿಯಾದ. ಅಲ್ಲಿ ದೊಡ್ಡ ಲಾಗರ್ ಕಾರ್ಖಾನೆಗಳು ಬೆಳೆದದ್ದು ಆ ನಂತರದ ದಶಕಗಳಲ್ಲಿ, ಹೊಟ್ಟೆಪಾಡಿಗಾಗಿ ವಲಸೆ ಬಂದ ಸ್ವಿಸ್ ಮತ್ತು ಜರ್ಮನ್ ಕಸುಬುದಾರರ ಕೈಯಲ್ಲಿ. ಟೊಲುಕಾದ ಸಾಂತಿಯಾಗೊ ಗ್ರಾಫ್ ಅವರಲ್ಲೊಬ್ಬ. ಒರಿಜಾಬಾದಲ್ಲಿ ನೆಲೆಸಿದ ವಿಲ್‌ಹೆಲ್ಮ್ ಹಾಸೆ ಇನ್ನೊಬ್ಬ.

ಹಾಸೆ 1897ರಲ್ಲಿ ಬರಲಿರುವ ಇಪ್ಪತ್ತನೆಯ ಶತಮಾನದ ನೆನಪಿಗೆಂದು ಬಿಯರೊಂದನ್ನು ಹೊರತಂದ. ರೋಮನ್ ಅಂಕಿಯಲ್ಲಿ ಇಪ್ಪತ್ತು ಎಂದರೆ ಎರಡು 'ಎಕ್ಸ್'. 'ದೋಸ್ ಎಕೀಸ್' ಎಂಬ ಹೆಸರು ಹುಟ್ಟಿದ್ದು ಹಾಗೆ. ಅದರ ಆಂಬರ್ ಬಗೆ ಇಂದಿಗೂ ಮಾರಾಟದಲ್ಲಿದೆ. ಕಾಲಕ್ರಮದಲ್ಲಿ ಮೆಕ್ಸಿಕೋದ ಈ ಬಿಯರುಗಳೂ ಬದಲಾಗಿವೆ. ಆದರೂ ಬಣ್ಣದ, ಹುರಿದ ಕಾಳಿನ ನೆನಪು ಅಲ್ಲಿ ಉಳಿಯಿತು.

ಪಕ್ಕದ ಅಮೆರಿಕದಲ್ಲಿ ಕಥೆ ಬೇರೆ. 1920ರಿಂದ 1933ರವರೆಗಿನ ಪಾನನಿಷೇಧ ಸಣ್ಣ ಕಾರ್ಖಾನೆಗಳನ್ನು ನುಂಗಿತು. ಉಳಿದವುಗಳನ್ನು ದೊಡ್ಡ ಕಂಪೆನಿಗಳು ನುಂಗಿದವು. 1970ರ ದಶಕದ ಕೊನೆಗೆ ಇಡೀ ದೇಶದಲ್ಲಿ ಉಳಿದ ಬಿಯರ್ ಕಂಪೆನಿಗಳು ನೂರಕ್ಕೂ ಕಡಿಮೆ. ಎಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ತೆಳು ಹಳದಿ ಬಿಯರನ್ನೇ ಮಾಡುತ್ತಿದ್ದವು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು ಮನೆಯಲ್ಲೇ ಬಿಯರ್ ಮಾಡಿಕೊಳ್ಳಲು ಅವಕಾಶ ಕೊಟ್ಟಿತು. ಅದಕ್ಕೆ ಒಂದು ವರ್ಷ ಮೊದಲು, 1977ರಲ್ಲಿ, ಮೈಕಲ್ ಜಾಕ್ಸನ್ ಎಂಬ ಇಂಗ್ಲಿಷ್ ಪತ್ರಕರ್ತ - ಗಾಯಕ ಅಲ್ಲ - ಜಗತ್ತಿನ ಬಿಯರುಗಳನ್ನು ಬಗೆಬಗೆಯಾಗಿ ವಿಂಗಡಿಸಿ ದೊಡ್ಡದೊಂದು ಪುಸ್ತಕ ಬರೆದಿದ್ದ. ಅದನ್ನು ಓದಿದವರಿಗೆ ತಾವು ಏನನ್ನು ಕಳೆದುಕೊಂಡಿದ್ದೇವೆಂದು ಅರಿವಾಯಿತು.

ಟೆಕ್ಸಸ್‌ನ ಗಣಿತ ಪ್ರಾಧ್ಯಾಪಕ ಜಾರ್ಜ್ ಫಿಕ್ಸ್ ಮತ್ತು ಪತ್ನಿ ಲಾರಿ ಫಿಕ್ಸ್ ವಿಯೆನ್ನಾ ಬಿಯರಿನ ಬೆನ್ನುಹತ್ತಿ 1990ರ ದಶಕದ ಆರಂಭದಲ್ಲಿ ಅದರ ಕುರಿತೇ ಪುಸ್ತಕ ಬರೆದರು. ಪಶ್ಚಿಮ ಏಷ್ಯಾದಲ್ಲಿ ವರದಿಗಾರನಾಗಿದ್ದ ಸ್ಟೀವ್ ಹಿಂಡಿ, ಮದ್ಯ ಸಿಗದ ದೇಶಗಳಲ್ಲಿ ತಾವೇ ಬಿಯರ್ ಮಾಡಿಕೊಳ್ಳುತ್ತಿದ್ದ ಅಮೆರಿಕದ ರಾಜತಂತ್ರಜ್ಞರಿಂದ ಈ ಹುಚ್ಚು ಹಿಡಿಸಿಕೊಂಡ. ನ್ಯೂಯಾರ್ಕಿಗೆ ಮರಳಿದ ಮೇಲೆ 1988ರಲ್ಲಿ ಟಾಮ್ ಪಾಟರ್ ಎಂಬ ನೆರೆಮನೆಯ ಬ್ಯಾಂಕ್ ನೌಕರನ ಜೊತೆಗೂಡಿ 'ಬ್ರೂಕ್ಲಿನ್ ಲಾಗರ್' ಹೊರತಂದ. ಅದೂ ಆಂಬರ್ ಬಣ್ಣದ್ದೇ. ಅದೇ ವರ್ಷ ಕ್ಲೀವ್‌ಲೆಂಡ್ ನಗರದಲ್ಲಿ ಆರಂಭವಾದ ಗ್ರೇಟ್ ಲೇಕ್ಸ್ ಕಾರ್ಖಾನೆ ತನ್ನ ಆಂಬರ್ ಲಾಗರಿಗೆ 'ಎಲಿಯಟ್ ನೆಸ್' ಎಂದು ಹೆಸರಿಟ್ಟಿತು. ಪಾನನಿಷೇಧದ ದಿನಗಳಲ್ಲಿ ಕಳ್ಳಭಟ್ಟಿಗಳ ಮೇಲೆ ದಾಳಿ ಮಾಡಿ ಹೆಸರಾದ ಅಧಿಕಾರಿಯ ಹೆಸರು ಅದು. ಬಿಯರ್ ತಯಾರಕರಿಗೂ ಹಾಸ್ಯಪ್ರಜ್ಞೆ ಇರುತ್ತದೆ!

ಲೋಟದ ಮುಂದೆ

ಇಷ್ಟು ಚರಿತ್ರೆಯನ್ನು ಹೊತ್ತು ಬಂದ ಬಿಯರನ್ನು ಸವಿಯುವುದು ಹೇಗೆ? ಇದರಲ್ಲಿ ನಿಗೂಢವಾದದ್ದೇನೂ ಇಲ್ಲ. ಕಾಫಿ ಒಳ್ಳೆಯದೋ ಅಲ್ಲವೋ ಎಂದು ಒಂದು ಗುಟುಕಿನಲ್ಲಿ ಹೇಳಬಲ್ಲ ಯಾರಿಗೂ ಇದು ಸಾಧ್ಯ. ಬೇಕಾದದ್ದು ತಾಳ್ಮೆ, ತುಸು ಕ್ರಮ.

ಮೊದಲನೆಯದು ಲೋಟ. ಬಾಟಲಿಯಿಂದ ನೇರ ಕುಡಿದರೆ ಮೂಗಿಗೆ ಕೆಲಸವಿಲ್ಲ. ಗಾಜಿನ ಲೋಟ ಜಿಡ್ಡಿಲ್ಲದೆ ಶುಭ್ರವಾಗಿರಬೇಕು. ಬಿಯರ್ ಸುರಿದ ಮೇಲೆ ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡಿದ್ದರೆ ಅಲ್ಲಿ ಕೊಳೆಯಿದೆ ಎಂದರ್ಥ. ಎಣ್ಣೆಯ ಪಸೆ ನೊರೆಯನ್ನು ಕೊಲ್ಲುತ್ತದೆ.

ಎರಡನೆಯದು ತಂಪು. ಮನೆಯ ಫ್ರಿಜ್ಜು ಸುಮಾರು ನಾಲ್ಕು ಡಿಗ್ರಿಯಲ್ಲಿರುತ್ತದೆ. ಆ ಚಳಿಗೆ ನಾಲಿಗೆ ಮರಗಟ್ಟುತ್ತದೆ, ಘಮ ಏಳುವುದಿಲ್ಲ. ಜಾಹೀರಾತುಗಳು 'ಕೊರೆಯುವ ತಂಪು' ಎಂದು ಸಾರುವುದು ರುಚಿಯಿಲ್ಲದ ಬಿಯರಿಗೆ ಅನುಕೂಲವೆಂದೇ ಇರಬೇಕು. ಆಂಬರ್ ಲಾಗರಿಗೆ 7ರಿಂದ 10 ಡಿಗ್ರಿ ಹಿತ. ಹೊರತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಸಾಕು.

ಲೋಟವನ್ನು ಓರೆ ಹಿಡಿದು ಸುರಿಯಲು ಆರಂಭಿಸಿ, ಕೊನೆಗೆ ನೆಟ್ಟಗೆ ಮಾಡಿ ಎರಡು ಬೆರಳಿನಷ್ಟು ನೊರೆ ಬರಿಸಬೇಕು. ನೊರೆ ಒಡೆಯುವಾಗಲೇ ಘಮ ಮೂಗಿಗೆ ತಲುಪುವುದು. ಈಗ ಬೆಳಕಿಗೆ ಹಿಡಿಯಿರಿ. ಚೆನ್ನಾಗಿ ಕಾಯಿಸಿಟ್ಟ ಲಾಗರ್ ಕನ್ನಡಿಯಂತೆ ತಿಳಿಯಾಗಿರುತ್ತದೆ. ಬಣ್ಣ ತಿಳಿ ಕೆಂಪಿನಿಂದ ತಾಮ್ರದವರೆಗೆ ಇರಬಹುದು. ನೊರೆ ಕೆನೆಯ ಬಣ್ಣದ್ದು.

ಮೂರನೆಯದು ಮೂಗು. ಎರಡು ಮೂರು ಸಲ ಚಿಕ್ಕದಾಗಿ ಮೂಸಿ ನೋಡಬೇಕು. ಬರಬೇಕಾದದ್ದು ಆಗಷ್ಟೇ ಕಾವಲಿಯಿಂದ ಇಳಿಸಿದ ಬ್ರೆಡ್ಡಿನ, ಬಿಸ್ಕತ್ತಿನ ಘಮ. ಹಾಪ್ಸ್ ಹೂವಿನ ಸೊಪ್ಪುಸೊಪ್ಪಾದ, ಹೂವಿನಂಥ ವಾಸನೆ ಹಿನ್ನೆಲೆಯಲ್ಲಿ ಸುಳಿಯಬಹುದು. ಕರಕಲು ವಾಸನೆಯಾಗಲಿ ಬೆಲ್ಲದ ಪಾಕದ ಗಾಢ ವಾಸನೆಯಾಗಲಿ ವಿಯೆನ್ನಾ ಬಗೆಗೆ ಸಲ್ಲದು. ಬಣ್ಣ ಬರಿಸಲು ಪಾಕದಂಥ ಮಾಲ್ಟನ್ನು ಧಾರಾಳವಾಗಿ ಸುರಿದಿರುವುದು ಇಲ್ಲಿಯೇ ಗೊತ್ತಾಗುತ್ತದೆ.

ನಾಲ್ಕನೆಯದು ಗುಟುಕು. ಬಾಯಿತುಂಬ ಅಲ್ಲ, ನಾಲಿಗೆಯನ್ನು ಮುಚ್ಚುವಷ್ಟು. ಸಿಹಿ ನಾಲಿಗೆಯ ತುದಿಯಲ್ಲಿ, ಕಹಿ ಬುಡದಲ್ಲಿ ಎಂದು ಶಾಲೆಯ ಪುಸ್ತಕಗಳಲ್ಲಿ ಓದಿದ ನಕ್ಷೆ ತಪ್ಪೆಂದು ವಿಜ್ಞಾನ ಹೇಳುತ್ತದೆ. ಎಲ್ಲ ರುಚಿಗಳೂ ನಾಲಿಗೆಯ ಎಲ್ಲ ಭಾಗಗಳಿಗೂ ಗೊತ್ತಾಗುತ್ತವೆ. ಆದ್ದರಿಂದ ಬಿಯರನ್ನು ಬಾಯಲ್ಲಿ ಒಮ್ಮೆ ಹರಿದಾಡಿಸಿ ನುಂಗಿ, ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ಗಂಟಲಿನ ಹಿಂಬದಿಯಿಂದ ಮೂಗಿಗೆ ಏರುವ ಘಮವೇ ನಾವು 'ರುಚಿ' ಎನ್ನುವುದರ ದೊಡ್ಡ ಪಾಲು. ನೆಗಡಿಯಾದಾಗ ಊಟ ಸಪ್ಪೆ ಎನಿಸುವುದು ಇದಕ್ಕೇ.

ಇಲ್ಲಿಯೇ ಒಳ್ಳೆಯ ಆಂಬರ್ ಲಾಗರಿನ ಪರೀಕ್ಷೆ. ಆರಂಭದಲ್ಲಿ ಮಾಲ್ಟಿನ ಮೆದು ಸಿಹಿ. ನಡುವೆ ಹುರಿದ ಕಾಳಿನ ರುಚಿ. ಕೊನೆಗೆ ಹಾಪ್ಸ್‌ನ ಕಹಿ ಬಂದು ಆ ಸಿಹಿಯನ್ನು ಒರೆಸಿಹಾಕಬೇಕು. ಬಾಯಿ ಒಣಗಿ ಮತ್ತೊಂದು ಗುಟುಕು ಬೇಕೆನಿಸಬೇಕು. ಅಂಟಂಟಾದ ಸಿಹಿ ಉಳಿದರೆ ತಯಾರಿಕೆಯಲ್ಲಿ ಹದ ತಪ್ಪಿದೆ. ಬಿಯರ್ ತೀರ್ಪುಗಾರರ ಮಾನದಂಡಗಳು ವಿಯೆನ್ನಾ ಲಾಗರಿನ ಮದ್ಯಸಾರವನ್ನು ಶೇಕಡಾ 4.7ರಿಂದ 5.5 ಎಂದೂ, ಕಹಿಯನ್ನು ಅದರ ಮಾಪನದಲ್ಲಿ 18ರಿಂದ 30 ಎಂದೂ ಗೊತ್ತುಪಡಿಸಿವೆ. ಅಂಕಿಗಳ ಸಾರವೆಂದರೆ ಯಾವುದೂ ಅತಿಯಾಗಬಾರದು.

ಅಡಗಲು ಜಾಗವಿಲ್ಲ

ಮಸಾಲೆ ಹೆಚ್ಚಾದ ಅಡುಗೆಯಲ್ಲಿ ತಪ್ಪು ಮುಚ್ಚಿಹೋಗಬಹುದು, ತಿಳಿಸಾರಿನಲ್ಲಿ ಮುಚ್ಚದು. ಲಾಗರ್ ಬಿಯರಿನ ತಿಳಿಸಾರು. ಅದರಲ್ಲಿ ದೋಷಗಳು ಥಟ್ಟನೆ ಕಾಣುತ್ತವೆ. ಬೆಣ್ಣೆಯ ವಾಸನೆ ಬಂದರೆ ಯೀಸ್ಟಿಗೆ ಕೆಲಸ ಮುಗಿಸಲು ಸಮಯ ಕೊಟ್ಟಿಲ್ಲವೆಂದರ್ಥ. ಕಾಯಿ ಸೇಬಿನ ವಾಸನೆಯೂ ಸಾಮಾನ್ಯವಾಗಿ ಅವಸರದ ಗುರುತೇ. ಬೇಯಿಸಿದ ಮೆಕ್ಕೆಜೋಳದ ವಾಸನೆ ಬಂದರೆ ಕುದಿಸುವುದರಲ್ಲೋ ತಣಿಸುವುದರಲ್ಲೋ ಕೊರತೆ. ನೆನೆದ ರಟ್ಟಿನ ವಾಸನೆ ಬಿಯರ್ ಹಳತಾಗಿ ಗಾಳಿ ತಾಗಿದ್ದನ್ನು ಹೇಳುತ್ತದೆ. ಬಿಸಿಲು ಬಿದ್ದರೆ ಹಾಪ್ಸ್‌ನ ಅಂಶ ಒಡೆದು ಗಬ್ಬು ವಾಸನೆ ಹುಟ್ಟುತ್ತದೆ. ಬಾಟಲಿಗಳು ಕಂದು ಬಣ್ಣದಲ್ಲಿರುವುದು ಇದನ್ನು ತಡೆಯಲೆಂದೇ.

ನಿಮ್ಮ ನಾಲಿಗೆಯನ್ನು ನೀವೇ ಪರೀಕ್ಷಿಸಿಕೊಳ್ಳಲು ಒಂದು ಉಪಾಯವಿದೆ. 1940ರ ದಶಕದಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಬಳಕೆಗೆ ಬಂದ ತ್ರಿಕೋನ ಪರೀಕ್ಷೆ ಅದು. ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ಯಾವುದು ಬೇರೆ ಎಂದು ಕಣ್ಣುಮುಚ್ಚಿ ಹೇಳಬೇಕು. ಹೆಸರು, ಬೆಲೆ, ಬಣ್ಣ ಯಾವುದೂ ನೆರವಿಗೆ ಬರುವುದಿಲ್ಲ. ದೊಡ್ಡ ಮಾತಾಡುವವರು ಹಲವರು ಇಲ್ಲಿ ಮೌನವಾಗುತ್ತಾರೆ. ಇದಕ್ಕೆ ಬೇಕಾಗುವುದು ಎರಡೆರಡು ಗುಟುಕು ಅಷ್ಟೆ.

ಒಳ್ಳೆಯ ಲಾಗರಿಗೆ ಬೆಲೆ ಹೆಚ್ಚೇಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಏಲ್ ಬಿಯರನ್ನು ಎರಡು ಮೂರು ವಾರಗಳಲ್ಲಿ ಮಾರಾಟಕ್ಕಿಡಬಹುದು. ಲಾಗರ್ ಅಷ್ಟೇ ತೊಟ್ಟಿಯನ್ನು ಆರೆಂಟು ವಾರ ಹಿಡಿದಿಡುತ್ತದೆ. ಸಣ್ಣ ತಯಾರಕನಿಗೆ ತೊಟ್ಟಿಯೇ ಬಂಡವಾಳ. ಆದರೂ ಕಾಯುತ್ತಾನೆಂದರೆ, ಕಾದದ್ದನ್ನು ಗುರುತಿಸುವ ಗಿರಾಕಿ ಇದ್ದಾನೆಂಬ ನಂಬಿಕೆಯಿಂದ. ಆ ಗಿರಾಕಿ ಇಲ್ಲದಿದ್ದರೆ ಕಾಯುವುದು ನಷ್ಟದ ಬಾಬತ್ತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಮದ್ಯಸಾರ ಮದ್ಯಸಾರವೇ. ಆರೋಗ್ಯಕ್ಕೆ ಸಂಪೂರ್ಣ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕುಡಿತದಿಂದ ಮನೆಗಳು ಮುರಿದದ್ದನ್ನು ಕಾಣದ ಊರು ನಮ್ಮಲ್ಲಿಲ್ಲ. ಕುಡಿಯದವರು ಈ ರುಚಿಗಾಗಿ ಆರಂಭಿಸಬೇಕಾದ ಅಗತ್ಯ ಖಂಡಿತ ಇಲ್ಲ. ಸವಿಯುವ ಕ್ರಮಕ್ಕೂ ಕುಡಿತದ ಚಟಕ್ಕೂ ಇರುವ ದೂರವನ್ನು ಮಾತ್ರ ಗಮನಿಸಬಹುದು. ಒಂದು ಗುಟುಕಿಗೆ ಇಷ್ಟು ಹೊತ್ತು ಕೊಡುವವನಿಗೆ ಒಂದು ಲೋಟ ದೀರ್ಘವಾಗುತ್ತದೆ. ಮೂರನೆಯ ಲೋಟದ ಹೊತ್ತಿಗೆ ನಾಲಿಗೆ ಮಂಕಾಗಿ, ಸವಿಯಲು ಏನೂ ಉಳಿದಿರುವುದಿಲ್ಲ.

ಕೊನೆಗೆ ಈ ಅಲೆಮಾರಿ ರುಚಿ ಮನೆಗೆ ಮರಳಿತು. ಹೊಸ ಶತಮಾನದಲ್ಲಿ ಆಸ್ಟ್ರಿಯಾದ ಸಣ್ಣ ತಯಾರಕರು ಪರದೇಶಗಳಲ್ಲಿ ಸದ್ದು ಮಾಡುತ್ತಿದ್ದ ತಮ್ಮದೇ ಬಿಯರಿನತ್ತ ತಿರುಗಿ ನೋಡಿದರು. ಡ್ರೆಹರನ ಬಿಯರಿಗೆ 175 ವರ್ಷ ತುಂಬಿದ 2016ರಲ್ಲಿ ಶ್ವೆಖಾಟ್‌ನ ಕಾರ್ಖಾನೆಯೇ ವಿಯೆನ್ನಾ ಲಾಗರನ್ನು ಮತ್ತೆ ಹೊರತಂದಿತು. ಇಂದು ವಿಯೆನ್ನಾಕ್ಕೆ ವಿಮಾನದಲ್ಲಿ ಹೋಗುವವರು ಇಳಿಯುವುದೂ ಶ್ವೆಖಾಟ್‌ನಲ್ಲೇ. ನಗರದ ವಿಮಾನ ನಿಲ್ದಾಣ ಇರುವುದು ಅಲ್ಲಿ. ಊರುಗೋಲು ಹಿಡಿದು ಹೊರಟ ಯುವಕನ ಊರದು.

ಆತ ಕದ್ದು ತಂದದ್ದನ್ನು ಕಳೆದುಕೊಳ್ಳಲು ಆ ಊರಿಗೆ ನೂರು ವರ್ಷವೂ ಬೇಕಾಗಲಿಲ್ಲ. ಕಟ್ಟಡ ಬಿದ್ದರೆ ಕಲ್ಲುಗಳಾದರೂ ಉಳಿಯುತ್ತವೆ. ರುಚಿಗೆ ಅವಶೇಷಗಳಿರುವುದಿಲ್ಲ. ಅದರ ಗುರುತು ಉಳಿಯುವುದು ಮಾಡುವ ಕೈಯಲ್ಲಿ, ಇದು ಅದೇ ಎಂದು ಹೇಳಬಲ್ಲ ನಾಲಿಗೆಯಲ್ಲಿ.